ಕೊರಳಿನ ಗಂಟೂ ಮನಸ್ಸಿನ ಸಂಶಯವೂ

ರೋಗವಿದೆಯೆಂದು ವೈದ್ಯರು ಹೇಳಿದರೆ ಮನುಷ್ಯನು ಹೇಗೋ ಧೈರ್ಯವನ್ನು ತಂದುಕೊಳ್ಳುತ್ತಾನೆ. ಇಲ್ಲವೆಂದರೆ ದೇವರಿಗೆ ಕೈಮುಗಿದು ಮನೆಗೆ ಬರುತ್ತಾನೆ. “ಇದೆಯೆಂದೂ ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು” ಎಂದರೆ ಗೃಹಸ್ಥನು ಮಾಡತಕ್ಕದ್ದೇನು? ಎರಡು ವರ್ಷಗಳ ಹಿಂದೆ ನಮಗೆ ಒದಗಿದ ಈ ಸಂಕಟದ ವೃತ್ತಾಂತವು ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಗೃಹಿಣಿಯ ಕೊರಳಿನಲ್ಲಿ ಅಡಕೆಯ ಗಾತ್ರದ ಗಂಟೊಂದು ಕಾಣಿಸಿಕೊಂಡಿತು. ಥೈರಾಯ್ಡ್ ಗ್ರಂಥಿಯಲ್ಲಿ ಏಳುವ ಇಂತಹ ಗಂಟುಗಳಲ್ಲಿ ಬಹುಪಾಲು ನಿರಪಾಯವಾದವು. ವೈದ್ಯರು ಸ್ಕ್ಯಾನ್ ಮಾಡಿಸಿ, ಸಣ್ಣ ಸೂಜಿಯಿಂದ ಕೆಲವು ಜೀವಕೋಶಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ “ಬೆಥೆಸ್ಡಾ ಮೂರನೆಯ ವರ್ಗ” ಎಂದಿತ್ತು.

ಈ ವರ್ಗೀಕರಣವು 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರ ಸಭೆಯಿಂದ ಹುಟ್ಟಿದ್ದು. ವರ್ಗಗಳು ಆರು. ಮೊದಲನೆಯದರಲ್ಲಿ ಜೀವಕೋಶಗಳೇ ಸಾಲವು; ಎರಡನೆಯದು ನಿರಪಾಯ; ಐದನೆಯದು ಕ್ಯಾನ್ಸರಿನ ಬಲವಾದ ಶಂಕೆ; ಆರನೆಯದು ಹೆಚ್ಚುಕಡಮೆ ನಿಶ್ಚಯ. ನಡುವಿನ ಮೂರೂ ನಾಲ್ಕೂ ಸಂಶಯದ ಸ್ಥಾನಗಳು. 2023ರ ಪರಿಷ್ಕರಣದ ಪ್ರಕಾರ ಮೂರನೆಯದರಲ್ಲಿ ಸರಾಸರಿ ನೂರಕ್ಕೆ 22ರಷ್ಟು, ನಾಲ್ಕನೆಯದರಲ್ಲಿ 30ರಷ್ಟು ಗಂಟುಗಳು ಕ್ಯಾನ್ಸರಾಗಿರುವ ಸಂಭವವುಂಟು. ಇದು ಶಸ್ತ್ರಚಿಕಿತ್ಸೆಯಾದವರ ಲೆಕ್ಕವಾದುದರಿಂದ ನಿಜವಾದ ಪ್ರಮಾಣವು ಇದಕ್ಕಿಂತ ಕಡಮೆಯಿರಬಹುದು.

ತರ್ಕಪಾಠದಲ್ಲಿ ಸಂಶಯಕ್ಕೆ ಹೇಳುವ ಉದಾಹರಣೆಯೊಂದುಂಟು: ಮುಸ್ಸಂಜೆಯಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ, ಮನುಷ್ಯನೋ? ಹತ್ತಿರ ಹೋಗಿ ನೋಡಬೇಕು. ಇಲ್ಲವೆ ನಿಂತು, ಅದು ಚಲಿಸುವುದೋ ಎಂದು ಕಾಯಬೇಕು. ವೈದ್ಯರು ತಿಳಿಸಿದ ಮಾರ್ಗಗಳೂ ಇಂತಹವೇ. ಮತ್ತೊಮ್ಮೆ ಸೂಜಿ ಹಾಕುವುದು, ಅನೇಕರಿಗೆ ಇದರಿಂದಲೇ ಉತ್ತರ ದೊರೆಯುವುದು. ದುಬಾರಿಯಾದ ಜೀನ್ ಪರೀಕ್ಷೆ. ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸುತ್ತ ಕಾಯುವುದು. ಗ್ರಂಥಿಯ ಅರ್ಧವನ್ನು ತೆಗೆದು ಪೂರ್ತಿ ಪರೀಕ್ಷಿಸುವುದು. ಅರ್ಧ ತೆಗೆದರೆ ಕೆಲವರಿಗೆ ನಿತ್ಯವೂ ಮಾತ್ರೆ ಬೇಕಾಗುವುದು. ಸ್ವರದ ನರವು ಗ್ರಂಥಿಗೆ ತಾಗಿಯೇ ಹೋಗುವುದರಿಂದ, ವಿರಳವಾಗಿಯಾದರೂ, ಸ್ವರಕ್ಕೆ ಶಾಶ್ವತವಾದ ಕುಂದು ಬರುವುದುಂಟು.

ಮನೆಯಲ್ಲಿ ಸಭೆ ಸೇರಿತು. “ತಡಮಾಡದೆ ತೆಗೆಸಿಬಿಡಿ” ಎಂದು ಮಗನ ಮತ. ಕತ್ತಿ ತಾಗಿದರೆ ಹರಡುವುದೆಂದು ನಾದಿನಿಯ ಹೆದರಿಕೆ. ನಾವಾದರೋ ಕಾಗದದ ಮೇಲೆ ಗೆರೆಯೆಳೆದು, ಗುಣದೋಷಗಳನ್ನು ಎರಡು ಸಾಲುಗಳಲ್ಲಿ ಬರೆದು, ತೀರ್ಪು ಕೊಡಲು ಸಿದ್ಧರಾಗಿದ್ದೆವು. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಕೆಯು, “ಕೊರಳು ನನ್ನದಲ್ಲವೆ? ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ!” ಎಂದಳು. ಮೂವತ್ತೈದು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದ ನಮಗೆ ಉತ್ತರ ತೋಚಲಿಲ್ಲ.

ಮರುದಿನ ವೈದ್ಯರ ಮುಂದೆ ಆಕೆಯೇ ಮಾತನಾಡಿದಳು. “ಮೂರು ತಿಂಗಳು ಕಾದರೆ ಕೈಮೀರುವುದೇ?” ಎಂದು ಕೇಳಿದಳು. ಇಂತಹ ಗಂಟುಗಳು ಸಾಮಾನ್ಯವಾಗಿ ಮೆಲ್ಲನೆ ಬೆಳೆಯುವುವು, ಅಷ್ಟು ಕಾಯುವುದರಿಂದ ಹಾನಿಯಿಲ್ಲವೆಂದು ಅವರೆಂದರು. ಎರಡನೆಯ ಸೂಜಿಯಲ್ಲಿಯೂ ಮೂರನೆಯ ವರ್ಗವೇ ಬಂದಿತು. ಆದರೆ ಸ್ಕ್ಯಾನಿನಲ್ಲಿ ಕೆಟ್ಟ ಲಕ್ಷಣಗಳಿರಲಿಲ್ಲ. ಶಸ್ತ್ರಚಿಕಿತ್ಸೆ, ಕಾಯುವುದು ಎರಡೂ ಯುಕ್ತವೆಂದು ಕೇಳಿ ಆಕೆಯು ನಿಶ್ಚಯಿಸಿದಳು: “ಸಂಜೆ ನಾಲ್ಕು ದೇವರನಾಮ ಹೇಳುವ ಕೊರಳಿದು. ಈಗ ಬೇಡ, ಬೆಳೆದರೆ ತೆಗೆಯಲಿ.”

ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗುತ್ತಿದೆ. ಗಂಟು ಇದುವರೆಗೆ ಬೆಳೆದಿಲ್ಲ. ಇದನ್ನು ಜಯವೆಂದು ಹೇಳಲಾರೆವು. ಸಂಶಯವು ಇನ್ನೂ ಇದೆ, ಅದರೊಡನೆ ಬಾಳುವುದನ್ನು ಕಲಿತಿದ್ದೇವೆ. ಅದನ್ನು ಸಹಿಸಲಾರದೆ ತೆಗೆಸಿಕೊಳ್ಳುವವರೂ ತಪ್ಪುಮಾಡಿದಂತಲ್ಲ. ಗಂಟು ಬೇಗ ಬೆಳೆದರೆ, ಸ್ವರ ಒಡೆದರೆ, ನುಂಗಲು ಕಷ್ಟವಾದರೆ ಮಾತ್ರ ಒಂದು ದಿನವೂ ತಡಮಾಡಬಾರದು. ವರದಿಯ ವರ್ಗವಾವುದು, ಸ್ಕ್ಯಾನಿನ ಲಕ್ಷಣವೇನು, ಇರುವ ಮಾರ್ಗಗಳೆಷ್ಟು ಎಂಬ ಮೂರನ್ನು ವೈದ್ಯರಿಂದ ಕೇಳಿ ತಿಳಿಯಿರಿ. ನಾಲ್ಕನೆಯ ಪ್ರಶ್ನೆಯನ್ನು ಕೊರಳು ಯಾರದೋ ಅವರನ್ನೇ ಕೇಳಿರಿ. ಅದನ್ನು ಎಲ್ಲಕ್ಕಿಂತ ಮೊದಲು ಕೇಳಿರಿ.