ಸರ್ಕಾರದ ಕೊರತೆಗೆ ನೋಟು ಮುದ್ರಣ: ರೂಢಿ ಮುರಿದ ಗವರ್ನರ್ ಡಾ. ಸಿ. ರಂಗರಾಜನ್

ಸರಕನ್ನು ಇಂದು ಮಾರಿ ಮೂರು ತಿಂಗಳ ನಂತರ ಹಣ ಪಡೆಯುವ ವ್ಯಾಪಾರಿಗೆ ಲಾಭ-ನಷ್ಟಗಳ ಲೆಕ್ಕ ಮಾರಾಟದ ದಿನವೇ ಮುಗಿಯುವುದಿಲ್ಲ. ಆ ಅವಧಿಯಲ್ಲಿ ರೂಪಾಯಿಯ ಕೊಳ್ಳುವ ಶಕ್ತಿ ಎಷ್ಟು ಕುಸಿಯಿತು ಎಂಬುದನ್ನು ಅವನ ನಿಜವಾದ ಗಳಿಕೆ ಅವಲಂಬಿಸಿರುತ್ತದೆ. ಈ ಮೌಲ್ಯವನ್ನು ಕಾಯುವ ಹೊಣೆ ಭಾರತೀಯ ರಿಸರ್ವ್ ಬ್ಯಾಂಕಿನದು. ಆದರೆ 1955ರಿಂದ ನಾಲ್ಕು ದಶಕಗಳಿಗೂ ಮೀರಿದ ಅವಧಿಯಲ್ಲಿ ಬ್ಯಾಂಕಿಗೆ ಈ ಹೊಣೆ ಇದ್ದಿತೇ ಹೊರತು, ಅದನ್ನು ನಿರ್ವಹಿಸಲು ಬೇಕಾದ ಸ್ವಾತಂತ್ರ್ಯ ಪೂರ್ಣವಾಗಿ ಇರಲಿಲ್ಲ. ಈ ಕೊರತೆಯನ್ನು ನೀಗಿಸಿದ ಒಪ್ಪಂದದ ಹಿಂದೆ ಇದ್ದವರು, 1992ರಿಂದ 1997ರವರೆಗೆ ಬ್ಯಾಂಕಿನ ಗವರ್ನರ್ ಆಗಿದ್ದ ಅರ್ಥಶಾಸ್ತ್ರಜ್ಞ ಡಾ. ಚಕ್ರವರ್ತಿ ರಂಗರಾಜನ್.

ತರಗತಿಯಿಂದ ಬ್ಯಾಂಕಿಗೆ

ರಂಗರಾಜನ್ ಅವರು 1932ರ ಜನವರಿ 5ರಂದು ತಮಿಳುನಾಡಿನ ಅರಿಯಲೂರಿನಲ್ಲಿ ಜನಿಸಿದರು. ತಿರುಚಿರಾಪಳ್ಳಿಯ ನ್ಯಾಷನಲ್ ಕಾಲೇಜು ಮತ್ತು ಚೆನ್ನೈನ ಲೊಯೋಲಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1964ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅನಂತರದ ವರ್ಷಗಳಲ್ಲಿ ಅವರು ಮುಖ್ಯವಾಗಿ ಅಧ್ಯಾಪಕರು. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ಬೋಧಿಸಿದರು. 1982ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಹುದ್ದೆಗೆ ಬಂದು, ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಅದರಲ್ಲಿದ್ದರು. ಗವರ್ನರ್ ಕುರ್ಚಿಯಲ್ಲಿ ಕೂರುವ ಮುನ್ನ ಬ್ಯಾಂಕನ್ನು ಒಳಗಿನಿಂದ ಇಷ್ಟು ದೀರ್ಘಕಾಲ ಕಂಡ ಅರ್ಥಶಾಸ್ತ್ರಜ್ಞರು ವಿರಳ.

ಶುಕ್ರವಾರದ ಹುಂಡಿಗಳು

ಅವರು ಬ್ಯಾಂಕಿಗೆ ಬಂದಾಗ ಅಲ್ಲಿ ಒಂದು ಹಳೆಯ ರೂಢಿ ಬೇರೂರಿತ್ತು. ಕೇಂದ್ರ ಸರ್ಕಾರವು ರಿಸರ್ವ್ ಬ್ಯಾಂಕಿನಲ್ಲಿರುವ ತನ್ನ ಖಾತೆಯಲ್ಲಿ ಪ್ರತಿ ಶುಕ್ರವಾರ ಕನಿಷ್ಠ 50 ಕೋಟಿ ರೂಪಾಯಿ ಶಿಲ್ಕು ಇಟ್ಟಿರಬೇಕಿತ್ತು. ಶಿಲ್ಕು ಅದಕ್ಕಿಂತ ಕಡಿಮೆಯಾದರೆ, ಕೊರತೆಯನ್ನು ತುಂಬಲು 91 ದಿನಗಳ ಅವಧಿಯ ‘ಅಡ್ ಹಾಕ್’ ಖಜಾನೆ ಹುಂಡಿಗಳು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ತಾನಾಗಿಯೇ ಸೃಷ್ಟಿಯಾಗುತ್ತಿದ್ದವು. ಹುಂಡಿಗೆ ಪ್ರತಿಯಾಗಿ ಬ್ಯಾಂಕು ಹೊಸ ಹಣವನ್ನು ಸರ್ಕಾರದ ಖಾತೆಗೆ ಜಮಾ ಮಾಡುತ್ತಿತ್ತು. 

ತಾತ್ಕಾಲಿಕ ಅನುಕೂಲಕ್ಕಾಗಿ 1955ರಲ್ಲಿ ಆರಂಭವಾದ ಈ ವ್ಯವಸ್ಥೆ ಕಾಲಕ್ರಮೇಣ ಕಾಯಂ ಸಾಲದ ಮೂಲವಾಯಿತು. ಅವಧಿ ಮುಗಿದ ಹುಂಡಿಯ ಸ್ಥಾನಕ್ಕೆ ಹೊಸ ಹುಂಡಿ ಬರುತ್ತಿತ್ತು. 1974ರಿಂದ ಇದರ ಬಡ್ಡಿ ಶೇ. 4.6ರಲ್ಲಿಯೇ ನಿಂತಿತ್ತು. ಎಷ್ಟು ಹಣ ಚಲಾವಣೆಗೆ ಬರಬೇಕು ಎಂಬುದನ್ನು ಹೀಗೆ ಬಹುಮಟ್ಟಿಗೆ ಬ್ಯಾಂಕಿನ ಬದಲು ಸರ್ಕಾರದ ಖರ್ಚೇ ನಿರ್ಧರಿಸುತ್ತಿತ್ತು.

ಹೆಚ್ಚಿದ ಹಣವು ಬೆಲೆಗಳನ್ನು ಏರಿಸದಂತೆ ತಡೆಯಲು ಬ್ಯಾಂಕಿಗೆ ಉಳಿದಿದ್ದ ದಾರಿ ಒಂದೇ: ವಾಣಿಜ್ಯ ಬ್ಯಾಂಕುಗಳ ಕೈ ಕಟ್ಟುವುದು. 1990ರ ಸುಮಾರಿಗೆ ನಗದು ಮೀಸಲು ಅನುಪಾತ ಶೇ. 15 ಹಾಗೂ ಶಾಸನಬದ್ಧ ದ್ರವ್ಯತಾ ಅನುಪಾತ ಶೇ. 38.5 ಆಗಿದ್ದವು. ಅಂದರೆ ಜನರಿಟ್ಟ ಪ್ರತಿ ನೂರು ರೂಪಾಯಿ ಠೇವಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೀಸಲಿಗೂ ಸರ್ಕಾರಿ ಪತ್ರಗಳಿಗೂ ಹೋಗುತ್ತಿತ್ತು. ಉಳಿದುದರಲ್ಲಿ ಆದ್ಯತಾ ವಲಯದ ಪಾಲನ್ನು ತೆಗೆದ ಮೇಲೆ ದೊರೆತಷ್ಟರಲ್ಲಿಯೇ ವ್ಯಾಪಾರ ಹಾಗೂ ಕೈಗಾರಿಕೆಗಳು ತೃಪ್ತಿಪಡಬೇಕಿತ್ತು. ಸರ್ಕಾರದ ಕೊರತೆಯ ಬೆಲೆಯನ್ನು ಸಾಲ ಸಿಗದ ಉದ್ಯಮಿಯೂ ತೆರುತ್ತಿದ್ದನು.

ಪ್ರೊ. ಸುಖಮಯ ಚಕ್ರವರ್ತಿಯವರ ಅಧ್ಯಕ್ಷತೆಯ ಸಮಿತಿಯು 1985ರಲ್ಲಿ ಈ ದೋಷವನ್ನು ಸ್ಪಷ್ಟವಾಗಿ ಗುರುತಿಸಿ, ಹಣದ ಪೂರೈಕೆಗೆ ಸರ್ಕಾರ ಮತ್ತು ಬ್ಯಾಂಕು ಒಪ್ಪಿದ ಗುರಿಯೊಂದು ಇರಬೇಕೆಂದು ಸೂಚಿಸಿತು. ವರದಿ ಬಂದಿತು, ರೂಢಿ ಮಾತ್ರ ಮುಂದುವರಿಯಿತು.

1991ರ ಜುಲೈ

ಬದಲಾವಣೆಗೆ ಬಿಕ್ಕಟ್ಟೇ ಕಾರಣವಾಯಿತು. 1991ರ ಮಧ್ಯಭಾಗದಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೂ ಸಾಲದ ಮಟ್ಟಕ್ಕೆ ಇಳಿಯಿತು. ಆ ಜುಲೈ ತಿಂಗಳಲ್ಲಿ ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಕಳುಹಿಸಿ ಅಡವಿಟ್ಟು, ಸುಮಾರು 40 ಕೋಟಿ ಡಾಲರ್ ಪಡೆಯಲಾಯಿತು. ಜುಲೈ 1ರಂದು ರೂಪಾಯಿಯನ್ನು ಸುಮಾರು ಶೇ. 9ರಷ್ಟು, ಜುಲೈ 3ರಂದು ಸುಮಾರು ಶೇ. 11ರಷ್ಟು ಅಪಮೌಲ್ಯಗೊಳಿಸಲಾಯಿತು. ಎರಡನೆಯ ಹಂತದ ಬಗ್ಗೆ ಪ್ರಧಾನಿ ಪಿ.ವಿ. ನರಸಿಂಹರಾವ್ ಅವರಿಗೆ ಹಿಂಜರಿಕೆ ಉಂಟಾಗಿ, ಅರ್ಥಸಚಿವ ಡಾ. ಮನಮೋಹನ್ ಸಿಂಗ್ ಅವರು ಅಂದು ಬೆಳಿಗ್ಗೆ ದೂರವಾಣಿ ಮಾಡಿ ಕೇಳುವ ವೇಳೆಗೆ, ಡೆಪ್ಯುಟಿ ಗವರ್ನರ್ ರಂಗರಾಜನ್ ಹೊಸ ದರವನ್ನು ಪ್ರಕಟಿಸಿಯಾಗಿತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಯೋಜನಾ ಆಯೋಗದ ಸದಸ್ಯರಾದರು. ಸಂದಾಯ ಬಾಕಿ ಕುರಿತ ಉನ್ನತ ಮಟ್ಟದ ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದರು. ವಿನಿಮಯ ದರವನ್ನು ಮಾರುಕಟ್ಟೆ ನಿರ್ಧರಿಸಬೇಕು, ಅಲ್ಪಾವಧಿ ವಿದೇಶಿ ಸಾಲವನ್ನು ಮಿತಿಯಲ್ಲಿಡಬೇಕು ಎಂಬವು ಆ ಸಮಿತಿಯ ಮುಖ್ಯ ಸಲಹೆಗಳು.

ರಫ್ತುದಾರನ ಡಾಲರ್

1992ರ ಡಿಸೆಂಬರ್ 22ರಂದು ರಂಗರಾಜನ್ ಗವರ್ನರ್ ಆದರು. ಆ ವೇಳೆಗೆ ಜಾರಿಯಲ್ಲಿದ್ದುದು ಎರಡು ದರಗಳ ಪದ್ಧತಿ: ರಫ್ತುದಾರನು ತಾನು ಗಳಿಸಿದ ಡಾಲರ್‌ಗಳಲ್ಲಿ ಶೇ. 40ನ್ನು ಕಡಿಮೆಯಾದ ಅಧಿಕೃತ ದರಕ್ಕೆ ಒಪ್ಪಿಸಬೇಕಿತ್ತು, ಶೇ. 60ಕ್ಕೆ ಮಾತ್ರ ಮಾರುಕಟ್ಟೆ ದರ ಸಿಗುತ್ತಿತ್ತು. 1993ರ ಮಾರ್ಚ್‌ನಲ್ಲಿ ಎರಡೂ ದರಗಳು ಒಂದಾದವು. 1994ರ ಆಗಸ್ಟ್‌ನಲ್ಲಿ ಚಾಲ್ತಿ ಖಾತೆಯ ವ್ಯವಹಾರಗಳಿಗೆ ರೂಪಾಯಿಯನ್ನು ಪರಿವರ್ತನೀಯಗೊಳಿಸಲಾಯಿತು. ಕರ್ನಾಟಕದ ಕಾಫಿ, ಸಿದ್ಧ ಉಡುಪು ಮತ್ತು ತಂತ್ರಾಂಶ ರಫ್ತುದಾರರೂ ಸೇರಿದಂತೆ ದೇಶದ ರಫ್ತುದಾರರೆಲ್ಲರಿಗೆ ತಮ್ಮ ಗಳಿಕೆಯ ಪೂರ್ಣ ಮಾರುಕಟ್ಟೆ ಬೆಲೆ ದೊರೆಯಲು ಈ ಕ್ರಮಗಳೇ ಕಾರಣ.

1994ರ ಅಕ್ಟೋಬರ್‌ನಲ್ಲಿ 2 ಲಕ್ಷ ರೂಪಾಯಿಗೆ ಮೀರಿದ ಸಾಲಗಳ ಬಡ್ಡಿ ದರವನ್ನು ನಿಗದಿಪಡಿಸುವ ಅಧಿಕಾರ ಬ್ಯಾಂಕುಗಳಿಗೇ ದೊರೆಯಿತು. ಹೊಸ ಖಾಸಗಿ ಬ್ಯಾಂಕುಗಳಿಗೆ ಬಾಗಿಲು ತೆರೆದುದೂ ಇದೇ ಅವಧಿಯಲ್ಲಿ.

ಎರಡು ಸಹಿಗಳು

ಇವೆಲ್ಲಕ್ಕಿಂತ ಮಿಗಿಲಾದ ಕಾರ್ಯವು ಜನರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. 1994ರ ಸೆಪ್ಟೆಂಬರ್ 9ರಂದು ರಿಸರ್ವ್ ಬ್ಯಾಂಕು ಮತ್ತು ಕೇಂದ್ರ ಸರ್ಕಾರ ಒಪ್ಪಂದವೊಂದಕ್ಕೆ ಸಹಿ ಹಾಕಿ, ಅಡ್ ಹಾಕ್ ಹುಂಡಿಗಳನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿದವು. ಒಮ್ಮೆಲೇ ನಿಲ್ಲಿಸಿದರೆ ಸರ್ಕಾರದ ದೈನಂದಿನ ಪಾವತಿಗಳಿಗೇ ತೊಂದರೆಯಾಗುತ್ತಿತ್ತು. ಗಡುವಿಲ್ಲದೆ ಬಿಟ್ಟರೆ ಅದು ಎಂದಿಗೂ ನಿಲ್ಲುತ್ತಿರಲಿಲ್ಲ. ಆದುದರಿಂದ ಪ್ರತಿ ವರ್ಷಕ್ಕೂ ಮಿತಿ ಗೊತ್ತುಪಡಿಸುವ ಮಾರ್ಗ ಹಿಡಿಯಲಾಯಿತು. 1994-95ರ ಅಂತ್ಯಕ್ಕೆ ಈ ಮಿತಿ 6,000 ಕೋಟಿ ರೂಪಾಯಿ.

1997ರ ಮಾರ್ಚ್ 6ರಂದು ಎರಡನೆಯ ಒಪ್ಪಂದವಾಯಿತು. ಆ ವರ್ಷದ ಏಪ್ರಿಲ್ 1ರಿಂದ ಅಡ್ ಹಾಕ್ ಹುಂಡಿಗಳು ರದ್ದಾದವು. ಬಾಕಿಯಿದ್ದ ಹಳೆಯ ಹುಂಡಿಗಳನ್ನು ವಿಶೇಷ ಸಾಲಪತ್ರಗಳಾಗಿ ಮಾರ್ಪಡಿಸಲಾಯಿತು. ಅಂದಿನಿಂದ ಸರ್ಕಾರಕ್ಕೆ ದೊರೆತುದು ಮಿತಿಯುಳ್ಳ, ಮಾರುಕಟ್ಟೆಗೆ ಹೊಂದಿದ ಬಡ್ಡಿಯ ಅಲ್ಪಾವಧಿ ಮುಂಗಡ ಮಾತ್ರ. ಹೆಚ್ಚಿನ ಹಣ ಬೇಕಾದರೆ ಸರ್ಕಾರವೂ ಇತರ ಸಾಲಗಾರರಂತೆ ಮಾರುಕಟ್ಟೆಗೆ ಬಂದು, ಅಲ್ಲಿನ ಬಡ್ಡಿಯನ್ನೇ ತೆರಬೇಕಾಯಿತು. 1997ರ ಅಕ್ಟೋಬರ್ ವೇಳೆಗೆ ಶಾಸನಬದ್ಧ ದ್ರವ್ಯತಾ ಅನುಪಾತವು ಕಾನೂನಿನ ಅಂದಿನ ಕನಿಷ್ಠ ಮಿತಿಯಾದ ಶೇ. 25ಕ್ಕೆ ಇಳಿದಿತ್ತು.

ಬಿಗಿ ಹಣದ ದಿನಗಳು

ಆ ಐದು ವರ್ಷಗಳು ಉದ್ಯಮಿಗಳಿಗೆ ಸುಖದವೇ ಆಗಿದ್ದವು ಎನ್ನಲಾಗದು. ವಿದೇಶಿ ಬಂಡವಾಳ ಹರಿದುಬಂದಾಗ ರಿಸರ್ವ್ ಬ್ಯಾಂಕು ಡಾಲರ್ ಖರೀದಿಸಿದುದರಿಂದ ಹಣದ ಪ್ರಮಾಣ ಹಿಗ್ಗಿ, 1994-95ರಲ್ಲಿ ಹಣದುಬ್ಬರ ಎರಡಂಕಿ ಮುಟ್ಟಿತು. ಅದನ್ನು ತಡೆಯಲು ಬ್ಯಾಂಕು ಹಣವನ್ನು ಬಿಗಿಗೊಳಿಸಿತು. ಎರಡು ವರ್ಷಗಳಿಗೂ ಹೆಚ್ಚು ಕಾಲ ಡಾಲರಿಗೆ ಸುಮಾರು 31.37 ರೂಪಾಯಿಯಲ್ಲಿದ್ದ ದರವು 1995ರ ಉತ್ತರಾರ್ಧದಿಂದ ಕುಸಿದು, 1996ರ ಫೆಬ್ರವರಿಯಲ್ಲಿ 36 ರೂಪಾಯಿ ದಾಟಿತು. ರೂಪಾಯಿಯ ರಕ್ಷಣೆಗೆ ಡಾಲರ್ ಮಾರಿದಾಗ ಹಣ ಮತ್ತಷ್ಟು ಬಿಗಿಯಾಯಿತು. ದುಬಾರಿ ಬಡ್ಡಿಯಿಂದ ಹೊಸ ಯೋಜನೆಗಳು ಸೊರಗಿದವು ಎಂಬ ಟೀಕೆ ಉದ್ಯಮ ವಲಯದಿಂದ ಕೇಳಿಬಂದಿತು. ಈ ಟೀಕೆಯನ್ನು ನಿರಾಧಾರವೆನ್ನಲಾಗದು. ಆದರೆ ಬೆಲೆ ಏರಿಕೆಯ ವೇಗ 1996-97ರ ವೇಳೆಗೆ ಸುಮಾರು ಅರ್ಧಕ್ಕೆ ಇಳಿಯಿತು ಎಂಬುದನ್ನೂ ಜೊತೆಯಲ್ಲಿ ನೆನೆಯಬೇಕು.

ಉಳಿದ ಫಲ

1997ರ ನವೆಂಬರ್‌ನಲ್ಲಿ ಗವರ್ನರ್ ಹುದ್ದೆಯಿಂದ ನಿರ್ಗಮಿಸಿದ ರಂಗರಾಜನ್, ಆಂಧ್ರಪ್ರದೇಶದ ರಾಜ್ಯಪಾಲರಾಗಿ, ಹನ್ನೆರಡನೆಯ ಹಣಕಾಸು ಆಯೋಗದ ಅಧ್ಯಕ್ಷರಾಗಿ, ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯ ಅಧ್ಯಕ್ಷರಾಗಿ ಹಾಗೂ ರಾಜ್ಯಸಭೆಯ ಸದಸ್ಯರಾಗಿ ಸೇವೆ ಸಲ್ಲಿಸಿದರು. 2002ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. 2022ರಲ್ಲಿ ಅವರ ವೃತ್ತಿಜೀವನದ ನೆನಪುಗಳು ಪುಸ್ತಕರೂಪದಲ್ಲಿ ಹೊರಬಂದವು.

ಅವರು ಆರಂಭಿಸಿದ ಕಾರ್ಯ ಅಲ್ಲಿಗೆ ನಿಲ್ಲಲಿಲ್ಲ. 2003ರ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ವಯ, 2006ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕು ಸರ್ಕಾರದ ಹೊಸ ಸಾಲಪತ್ರಗಳನ್ನು ಅಸಾಧಾರಣ ಸಂದರ್ಭಗಳ ಹೊರತು ನೇರವಾಗಿ ಕೊಳ್ಳುವಂತಿಲ್ಲ. 2016ರಲ್ಲಿ ಶೇ. 4ರ ಹಣದುಬ್ಬರದ ಗುರಿಗೆ ಕಾನೂನಿನ ಬಲ ದೊರೆತು, ಬಡ್ಡಿ ದರ ನಿರ್ಧಾರಕ್ಕೆ ಹಣಕಾಸು ನೀತಿ ಸಮಿತಿ ರಚನೆಯಾಯಿತು. ಹುಂಡಿಗಳು ತಾವಾಗಿಯೇ ಹುಟ್ಟುತ್ತಿದ್ದ ಕಾಲದಲ್ಲಿ ಇಂಥ ಗುರಿಯೊಂದು ಕಾಗದದ ಮೇಲಷ್ಟೇ ಉಳಿಯುತ್ತಿತ್ತು.

1985ರ ಸಲಹೆ ಜಾರಿಗೆ ಬರಲು ಹನ್ನೆರಡು ವರ್ಷಗಳೇ ಬೇಕಾದವು. ಸಾಲ ಪಡೆಯುವವನು ಸರ್ಕಾರವೇ ಆಗಿದ್ದರೂ ಅವನಿಗೊಂದು ಮಿತಿ ಹಾಗೂ ನ್ಯಾಯವಾದ ಬಡ್ಡಿ ಇರಬೇಕೆಂಬುದು ಯಾವ ವರ್ತಕನಿಗೂ ಹೊಸ ಮಾತಲ್ಲ. ಅಂಗಡಿಯ ಖಾತೆ ಪುಸ್ತಕದ ಈ ಸಾಮಾನ್ಯ ನಿಯಮವನ್ನು ದೇಶದ ಖಜಾನೆಗೂ ಅನ್ವಯಿಸುವಂತೆ ಮಾಡಿದುದೇ ರಂಗರಾಜನ್ ಅವರ ಅಧಿಕಾರಾವಧಿಯ ದೊಡ್ಡ ಸಾಧನೆ ಎಂದರೆ ಅತಿಶಯೋಕ್ತಿಯಾಗಲಾರದು.