ಕೊರೊನಾ ಕಾಲ: ವಿಶೇಷ ಮಕ್ಕಳು ಮತ್ತು ಅವರನ್ನು ನೋಡಿಕೊಂಡವರು

2020ರ ಮಾರ್ಚ್ 25ರಂದು ಇಡೀ ದೇಶಕ್ಕೆ ಬೀಗ ಬಿದ್ದಾಗ ನಮ್ಮಲ್ಲಿ ಹೆಚ್ಚಿನವರು ಅಕ್ಕಿ, ಬೇಳೆ, ಔಷಧಿಗಳ ಲೆಕ್ಕ ಹಾಕಿದೆವು. ಆಟಿಸಂ, ಬುದ್ಧಿಮಾಂದ್ಯತೆ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಗಳಲ್ಲಿ ಅದಕ್ಕಿಂತ ಮೊದಲು ತಪ್ಪಿಹೋದದ್ದು ದಿನಚರಿ.

ಇದನ್ನು ಸ್ವಲ್ಪ ವಿವರಿಸಬೇಕು. ಆಟಿಸಂ ಇರುವ ಮಗುವಿಗೆ ನಾಳೆಯೂ ಇಂದಿನಂತೆಯೇ ಇರುತ್ತದೆ ಎಂಬುದೇ ದೊಡ್ಡ ಧೈರ್ಯ. ಅದೇ ಹೊತ್ತಿನ ಬಸ್ಸು, ಅದೇ ಟೀಚರು, ಅದೇ ಬೆಂಚು. ಇವೆಲ್ಲ ಒಂದೇ ದಿನ ಮಾಯವಾದರೆ, ಯಾಕೆಂದು ಕೇಳಲು ಮಾತು ಬಾರದ ಮಗು ಕಿರುಚಿ, ಕೈ ಕಚ್ಚಿಕೊಂಡು ಕೇಳುತ್ತದೆ. ಅದು ಹಟವಲ್ಲ! ವರ್ಷವಿಡೀ ಕಲಿಸಿದ ಚಮಚ ಹಿಡಿಯುವುದು, ಶೌಚಕ್ಕೆ ಹೇಳುವುದು ಮುಂತಾದವೂ ಅಭ್ಯಾಸ ತಪ್ಪಿದರೆ ಮರೆತುಹೋಗಬಹುದು.

ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ತೋಟದ ನಡುವೆ ಮನೆಗಳು ದೂರ ದೂರ. ಸೋಂಕಿನ ಮಟ್ಟಿಗೆ ಅದು ಒಳ್ಳೆಯದೇ. ಆದರೆ ವಿಶೇಷ ಶಾಲೆ ಬೇಕೆಂದರೆ ಶಿರಸಿಯ ಅಜಿತ ಮನೋಚೇತನದಂತಹ ಕಡೆಗೆ ಹೋಗಬೇಕು. ಥೆರಪಿಗೆ ಇನ್ನೂ ದೂರ, ಘಟ್ಟ ಇಳಿಯಬೇಕು ಇಲ್ಲವೇ ಹುಬ್ಬಳ್ಳಿ ಸೇರಬೇಕು. ಬಸ್ಸು ನಿಂತಿತು, ಶಾಲೆಯೂ ಮುಚ್ಚಿತು. ಪಟ್ಟಣದವರು ಆನ್‌ಲೈನ್ ಥೆರಪಿ ಎಂದರು. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವವರಿಗೆ, ಅದೂ ಹತ್ತು ನಿಮಿಷ ಒಂದೆಡೆ ಕೂರದ ಮಗುವನ್ನು ಕರೆದುಕೊಂಡು, ಅದು ಎಷ್ಟರಮಟ್ಟಿಗೆ ಸಾಧ್ಯ?

ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ ಮಾರ್ಚ್ 26ರಂದೇ ಸೂಚನೆ ಹೊರಡಿಸಿ, ಆರೈಕೆ ಮಾಡುವವರಿಗೆ ಓಡಾಡಲು ವಿನಾಯಿತಿ ಅಥವಾ ಪಾಸ್ ಕೊಡಬೇಕೆಂದಿತು. ಒಳ್ಳೆಯ ಸೂಚನೆಯೇ. ಆದರೆ ನಮ್ಮ ಹಳ್ಳಿಗಳಲ್ಲಿ ಆರೈಕೆ ಮಾಡುವವಳು ಹೊರಗಿನಿಂದ ಬರುವವಳಲ್ಲ, ಮನೆಯಿಂದ ಹೊರಗೆ ಹೋಗಲಾರದ ತಾಯಿ. ಆಕೆಗೆ ಬೇಕಾಗಿದ್ದದ್ದು ಎರಡು ತಾಸಿನ ಬಿಡುವು. ಶಾಲೆ ಮಗುವಿಗೆ ಪಾಠ ಕೊಡುತ್ತಿತ್ತು. ತಾಯಿಗೆ ಆ ಬಿಡುವನ್ನು ಕೊಡುತ್ತಿತ್ತು. ನಿದ್ದೆಗೆಟ್ಟ ತಾಯಿ ಸಿಡುಕುತ್ತಾಳೆ, ಮಗು ಇನ್ನಷ್ಟು ಕೆರಳುತ್ತದೆ, ರಾತ್ರಿ ಮತ್ತೆ ನಿದ್ದೆಯಿಲ್ಲ. ಆದ್ದರಿಂದ ತಾಯಿಯ ವಿಶ್ರಾಂತಿಯನ್ನು ಮಗುವಿನ ಚಿಕಿತ್ಸೆಯ ಭಾಗವೆಂದೇ ನಾವು ಎಣಿಸುತ್ತೇವೆ.

ಸ್ಪೇನ್ ದೇಶದಲ್ಲಿ ಇಂತಹ ಮಕ್ಕಳಿಗೆ ಹೊರಗೆ ನಡೆದಾಡಲು ಅನುಮತಿಯಿತ್ತು. ಆದರೂ ಬಾಲ್ಕನಿಗಳಿಂದ ಜನ ಬೈಯತೊಡಗಿದಾಗ ಕೆಲವು ಕುಟುಂಬಗಳು ಗುರುತಿಗಾಗಿ ತೋಳಿಗೆ ನೀಲಿ ಪಟ್ಟಿ ಕಟ್ಟಿಕೊಂಡವು. ನೆರೆಯವರ ನಾಲಿಗೆ ಎಲ್ಲ ಕಡೆಯೂ ಒಂದೇ ಎಂದು ತೋರುತ್ತದೆ.

ಇಂತಹ ಕಾಲ ಮತ್ತೆ ಬಂದರೆ, ಅಥವಾ ಮಳೆಗಾಲದಲ್ಲಿ ವಾರಗಟ್ಟಲೆ ಶಾಲೆ ತಪ್ಪಿದರೂ, ಮನೆಯಲ್ಲೇ ಮಾಡಬಹುದಾದದ್ದು ಇದೆ. ಏಳುವುದು, ಉಣ್ಣುವುದು, ಮಲಗುವುದು ಗಡಿಯಾರದಂತೆ ನಡೆಯಲಿ. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿ, ಮುಗಿದದ್ದನ್ನು ಮಗುವೇ ತೆಗೆಯಲಿ. ಮಾಸ್ಕನ್ನು ಮೊದಲು ಕೈಗೆ ಕೊಡಿ, ಬಳಿಕ ಗೊಂಬೆಗೆ, ಆಮೇಲೆ ಅರೆನಿಮಿಷ ಮಗುವಿನ ಮುಖಕ್ಕೆ. ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುವುದು ಕೈಬೆರಳಿಗೆ ಒಳ್ಳೆಯ ವ್ಯಾಯಾಮ. ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು ಅಷ್ಟೇ.

ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇಂತಹ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಇದೆ. ಥೆರಪಿಯೂ ಅದರಲ್ಲಿ ಸೇರುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಇಂಟರ್ನೆಟ್ ಬೇಕಿಲ್ಲ, ಸಾದಾ ಫೋನ್ ಸಾಕು, ಕನ್ನಡದಲ್ಲೇ ಮಾತನಾಡಬಹುದು. ಮಗುವಿನ ಬಗ್ಗೆ ಮಾತ್ರವಲ್ಲ, ತಾಯಿ ತನ್ನ ಬಗ್ಗೆಯೂ ಅಲ್ಲಿ ಹೇಳಿಕೊಳ್ಳಬಹುದು. ಆಕೆ ಮಾತಾಡಿ ಮುಗಿಸುವವರೆಗೆ ಮನೆಯ ಬೇರೊಬ್ಬರು ಮಗುವಿನ ಹತ್ತಿರ ಕೂರಲಿ.