ತೂಕದ ಅಂಕಿ ಏಕೆ ಅಲುಗುತ್ತದೆ? – ಪಿ.ಸಿ.ಬಿ. ಮೇಲಿನ ‘ಕ್ರಾಸ್‌ಟಾಕ್’ ಪತ್ತೆ ಮತ್ತು ಪರಿಹಾರ

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಕದಂಬರ ಸ್ತಂಭಶಾಸನದಿಂದ ನಾಡಿಗೆಲ್ಲ ಪರಿಚಿತವಾದ ಊರು. ಅದರ ಸುತ್ತಲಿನ ಹೊಲಗಳಲ್ಲಿ ಇಂದು ಮೆಕ್ಕೆಜೋಳ ಪ್ರಮುಖ ಬೆಳೆಗಳಲ್ಲೊಂದು. ಸುಗ್ಗಿ ಬಂತೆಂದರೆ ಶಿಕಾರಿಪುರ, ಸೊರಬ ಭಾಗದ ವರ್ತಕರ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರಗಳಿಗೆ ಬಿಡುವಿರುವುದಿಲ್ಲ. ಚೀಲವನ್ನು ಇಟ್ಟ ಮೇಲೆ ಅಂಕಿ ಒಂದೆಡೆ ನಿಲ್ಲದೆ ಮೇಲೆ ಕೆಳಗೆ ಓಡಾಡತೊಡಗಿದರೆ ರೈತನಿಗೂ ವರ್ತಕನಿಗೂ ನಡುವೆ ಮಾತು ಬೆಳೆಯುತ್ತದೆ. ಚೀಲವೊಂದಕ್ಕೆ 100 ಗ್ರಾಂ ವ್ಯತ್ಯಾಸವಾದರೂ 200 ಚೀಲಗಳ ಲೋಡಿಗೆ 20 ಕೆ.ಜಿ. ಆಗುತ್ತದೆ.

ಇಂತಹ ದೂರು ಬಂದಾಗ ಸಣ್ಣ ತಯಾರಕರು ಸಾಮಾನ್ಯವಾಗಿ ಮೊದಲು ಲೋಡ್‌ಸೆಲ್ ಬದಲಿಸುತ್ತಾರೆ, ಅನಂತರ ಅಡಾಪ್ಟರ್, ಕೊನೆಗೆ ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಹೊಸ ಬೋರ್ಡೂ ಅದೇ ವಿನ್ಯಾಸದ್ದಾಗಿದ್ದರೆ ದೋಷವೂ ಅದರೊಡನೆಯೇ ಬರುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಡಿ ಸತ್ಯಾಪನೆಯಾದ ಯಂತ್ರದ ಮುದ್ರೆಯನ್ನು ಒಡೆದು ದುರಸ್ತಿ ಮಾಡಿದರೆ ಮರಳಿ ಮುದ್ರೆ ಹಾಕಿಸಬೇಕಾಗುತ್ತದೆ. ಆದುದರಿಂದ ಬಿಡಿಭಾಗ ಬದಲಿಸುವ ಮುನ್ನ ಕಾರಣವನ್ನು ಅಳೆದು ತಿಳಿಯುವುದು ತಯಾರಕರಿಗೆ ನೇರ ಲಾಭದ ವಿಷಯ. ಅಂತಹ ಕಾರಣಗಳಲ್ಲಿ ಬಹಳ ಸಲ ಗಮನಕ್ಕೆ ಬಾರದೆ ಉಳಿಯುವುದು ಬೋರ್ಡಿನ ಮೇಲಿನ ಎರಡು ಟ್ರ್ಯಾಕ್‌ಗಳ ನಡುವಿನ ‘ಕ್ರಾಸ್‌ಟಾಕ್’.

ಏನಿದು ಕ್ರಾಸ್‌ಟಾಕ್?

ಹಳೆಯ ತಂತಿ ದೂರವಾಣಿಯಲ್ಲಿ ಮಾತನಾಡುವಾಗ ಬೇರೆ ಯಾರದೋ ಸಂಭಾಷಣೆ ಕ್ಷೀಣವಾಗಿ ಕೇಳಿಬರುತ್ತಿದ್ದುದನ್ನು ಹಲವರು ಬಲ್ಲರು. ಪದ ಬಂದಿರುವುದು ಅಲ್ಲಿಂದಲೇ. ಒಂದು ತಂತಿಯ ಸಂಕೇತ, ಯಾವ ನೇರ ಸಂಪರ್ಕವೂ ಇಲ್ಲದೆ, ಪಕ್ಕದ ತಂತಿಗೆ ಹರಿಯುವುದೇ ಕ್ರಾಸ್‌ಟಾಕ್. ಪಿ.ಸಿ.ಬಿ.ಯಲ್ಲಿ ತಂತಿಗಳ ಸ್ಥಾನದಲ್ಲಿ ತಾಮ್ರದ ಟ್ರ್ಯಾಕ್‌ಗಳಿವೆ. ಅಕ್ಕಪಕ್ಕದ ಎರಡು ಟ್ರ್ಯಾಕ್‌ಗಳು ಸೇರಿ ಚಿಕ್ಕದೊಂದು ಕೆಪಾಸಿಟರ್‌ನಂತೆ ವರ್ತಿಸುತ್ತವೆ. ಒಂದರ ವೋಲ್ಟೇಜ್ ಬದಲಾದಾಗ ಇನ್ನೊಂದಕ್ಕೆ ಅದರ ಮೂಲಕ ವಿದ್ಯುತ್ ನುಸುಳುತ್ತದೆ. ಜೊತೆಗೆ ಒಂದರಲ್ಲಿ ಹರಿಯುವ ವಿದ್ಯುತ್ತಿನ ಕಾಂತಕ್ಷೇತ್ರವು ಇನ್ನೊಂದರಲ್ಲಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಆಗುವಂತೆ, ವೋಲ್ಟೇಜನ್ನು ಪ್ರೇರಿಸುತ್ತದೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಅಂಶವೊಂದಿದೆ. ಕ್ರಾಸ್‌ಟಾಕ್‌ನ ಶಿಖರಮಟ್ಟ ಸಂಕೇತವು ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದಕ್ಕಿಂತ ಪ್ರತಿ ಸಲ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ನಿಧಾನವಾಗಿ ಓಡುವ ಡಿಸ್‌ಪ್ಲೇ ಸಂಕೇತವಾದರೂ ಇಂದಿನ ಚಿಪ್‌ಗಳಲ್ಲಿ ಸೊನ್ನೆಯಿಂದ 5 ವೋಲ್ಟ್‌ಗೆ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಏರುತ್ತದೆ. ಹಳೆಯ ಚಿಪ್‌ನೊಡನೆ ವರ್ಷಗಟ್ಟಲೆ ಸರಿಯಾಗಿದ್ದ ಬೋರ್ಡು ವೇಗದ ಹೊಸ ಚಿಪ್ ಹಾಕಿದೊಡನೆ ತೊಂದರೆ ಕೊಡುವುದುಂಟು. ಅದಕ್ಕೆ ಕಾರಣ ಇದೇ.

ಒಂದು ಮೈಕ್ರೋವೋಲ್ಟ್‌ನ ಲೆಕ್ಕ

ತೂಕದ ಯಂತ್ರಕ್ಕೆ ಈ ತೊಂದರೆ ವಿಶೇಷವಾಗಿ ತಟ್ಟುವುದೇಕೆ? 100 ಕೆ.ಜಿ. ಸಾಮರ್ಥ್ಯದ, 10 ಗ್ರಾಂ ಅಂತರದ ಯಂತ್ರದಲ್ಲಿ ಒಟ್ಟು 10,000 ಭಾಗಗಳಿರುತ್ತವೆ. ಪ್ರತಿ ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡುವ ಲೋಡ್‌ಸೆಲ್‌ಗೆ 5 ವೋಲ್ಟ್ ನೀಡಿದರೆ ಪೂರ್ಣ ಭಾರಕ್ಕೆ ದೊರೆಯುವುದು 10 ಮಿಲಿವೋಲ್ಟ್ ಮಾತ್ರ. ಅದನ್ನು 10,000 ಭಾಗ ಮಾಡಿದರೆ ಒಂದು ಭಾಗಕ್ಕೆ ಹೆಚ್ಚೆಂದರೆ 1 ಮೈಕ್ರೋವೋಲ್ಟ್. ಅದೇ ಬೋರ್ಡಿನ ಮೇಲೆ, ಕೆಲವೇ ಮಿಲಿಮೀಟರ್ ಆಚೆ, ಡಿಸ್‌ಪ್ಲೇಯ ಟ್ರ್ಯಾಕ್ 5 ವೋಲ್ಟ್‌ನಷ್ಟು, ಅಂದರೆ 50 ಲಕ್ಷ ಪಟ್ಟು, ಏರಿಳಿಯುತ್ತಿರುತ್ತದೆ.

ಎರಡರ ನಡುವಿನ ಕೆಪಾಸಿಟೆನ್ಸ್ ಕೇವಲ 0.1 ಪೈಕೋಫ್ಯಾರಡ್ ಎಂದಿಟ್ಟುಕೊಂಡರೂ 5 ನ್ಯಾನೋಸೆಕೆಂಡಿನಲ್ಲಿ 5 ವೋಲ್ಟ್ ಏರುವಾಗ 0.1 ಮಿಲಿಆಂಪಿಯರ್ ನುಸುಳುತ್ತದೆ. 350 ಓಮ್‌ನ ಲೋಡ್‌ಸೆಲ್ ಒಂದೊಂದು ಹೊರತಂತಿಯಲ್ಲಿ 175 ಓಮ್ ತೋರುವುದರಿಂದ, ಅಲ್ಲಿ ಫಿಲ್ಟರ್ ಇಲ್ಲದಿದ್ದರೆ ಸುಮಾರು 17 ಮಿಲಿವೋಲ್ಟ್‌ನ ಮೊನೆ ಏಳುತ್ತದೆ. ಇದು ಪೂರ್ಣ ಭಾರದ ಸಂಕೇತಕ್ಕಿಂತಲೂ ದೊಡ್ಡದು. ಮೊನೆ ಕ್ಷಣಿಕವಾದುದು, ಸರಾಸರಿಯಲ್ಲಿ ಕರಗಿಹೋಗುತ್ತದೆ ಎಂದು ಭಾವಿಸುವಂತಿಲ್ಲ. ಅಷ್ಟು ವೇಗದ ಮೊನೆಗಳನ್ನು ಆಂಪ್ಲಿಫೈಯರ್ ಸರಿಸಮನಾಗಿ ಹಿಂಬಾಲಿಸಲಾರದೆ ಅದರ ಒಂದಂಶವನ್ನು ಸ್ಥಿರ ವೋಲ್ಟೇಜ್ ಆಗಿ ಪರಿವರ್ತಿಸುತ್ತದೆ. ಅಂಕಿ ಅಲುಗುವುದು ಆಗ.

ಪತ್ತೆಯ ಕ್ರಮ

ಒಂದು ಮೈಕ್ರೋವೋಲ್ಟನ್ನು ಸಾಮಾನ್ಯ ಆಸಿಲೋಸ್ಕೋಪ್ ತೋರಿಸಲಾರದು. ಆದರೆ ಬೋರ್ಡಿನಲ್ಲಿರುವ 24 ಬಿಟ್ ಎ.ಡಿ.ಸಿ. ಚಿಪ್ಪೇ ಉತ್ತಮ ಅಳತೆಯ ಉಪಕರಣ. ಅದರ ಅಂಕಿಗಳನ್ನು ಸೀರಿಯಲ್ ತಂತಿಯ ಮೂಲಕ ಕಂಪ್ಯೂಟರಿಗೆ ತೆಗೆದುಕೊಂಡು, ಪ್ರತಿ ಹಂತದಲ್ಲೂ 1,000 ಅಂಕಿಗಳ ಗರಿಷ್ಠ ಮತ್ತು ಕನಿಷ್ಠದ ಅಂತರವನ್ನು ಬರೆದಿಡಬೇಕು.

ಮೊದಲನೆಯದಾಗಿ, ಲೋಡ್‌ಸೆಲ್ ಕಳಚಿ ಅದರ ಸ್ಥಳದಲ್ಲಿ ಸುಮಾರು 350 ಓಮ್‌ನ ನಾಲ್ಕು ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳ ಬ್ರಿಡ್ಜನ್ನು ಬೋರ್ಡಿಗೆ ಹತ್ತಿರವಾಗಿ ಬೆಸೆಯಬೇಕು. ಅಂಕಿ ನಿಂತರೆ ದೋಷ ಲೋಡ್‌ಸೆಲ್, ಕೇಬಲ್ ಅಥವಾ ತಟ್ಟೆಯದು. ನಿಲ್ಲದಿದ್ದರೆ ಲೋಡ್‌ಸೆಲ್ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದಾಗಿ, ಅಡಾಪ್ಟರ್ ತೆಗೆದು ಬ್ಯಾಟರಿಯಲ್ಲಿ ಓಡಿಸಬೇಕು. ಆಗ ಅಂಕಿ ನಿಂತರೆ ಕಾರಣ ಕರೆಂಟಿನ ಕಡೆಯದು.

ಮೂರನೆಯದಾಗಿ, ಸಾಫ್ಟ್‌ವೇರ್ ಮೂಲಕ ಒಂದೊಂದೇ ಭಾಗವನ್ನು ನಿಲ್ಲಿಸಬೇಕು: ಡಿಸ್‌ಪ್ಲೇ, ಕೀಲಿಮಣೆ, ಪ್ರಿಂಟರ್. ಯಾವುದನ್ನು ನಿಲ್ಲಿಸಿದಾಗ ಅಂತರ ಕುಗ್ಗುತ್ತದೆಯೋ ಅದು ಕಾಡುವ ಟ್ರ್ಯಾಕ್. ಒಂದೇ ಸಲಕ್ಕೆ ಎರಡನ್ನು ನಿಲ್ಲಿಸಬಾರದು.

ನಾಲ್ಕನೆಯ ಹೆಜ್ಜೆಯೇ ನಿರ್ಣಾಯಕ. ತಪ್ಪಿತಸ್ಥ ಡಿಸ್‌ಪ್ಲೇ ಎಂದು ಕಂಡುಬಂದರೆ, ಅದರ ಸಂಕೇತಗಳು ಎಂದಿನಂತೆ ಓಡುತ್ತಿರುವಾಗಲೇ ಡಿಸ್‌ಪ್ಲೇಯನ್ನು ಮಾತ್ರ ಕನೆಕ್ಟರಿನಿಂದ ಕಳಚಬೇಕು. ಈಗ ಟ್ರ್ಯಾಕ್‌ನಲ್ಲಿ ವೋಲ್ಟೇಜ್ ಏರಿಳಿಯುತ್ತದೆ, ಆದರೆ ಡಿಸ್‌ಪ್ಲೇಯ ವಿದ್ಯುತ್ ಹರಿಯುವುದಿಲ್ಲ. ತೊಂದರೆ ಉಳಿದರೆ ಅದು ಟ್ರ್ಯಾಕ್‌ಗಳ ನಡುವಿನ ಕೆಪಾಸಿಟೆನ್ಸ್‌ನಿಂದ ಬಂದದ್ದು. ಹೋದರೆ ಕಾಂತಕ್ಷೇತ್ರ ಅಥವಾ ಇಬ್ಬರೂ ಹಂಚಿಕೊಂಡ ಗ್ರೌಂಡ್ ಟ್ರ್ಯಾಕ್ ಕಾರಣ. ಹಂಚಿಕೊಂಡ ಗ್ರೌಂಡ್ ನಿಜವಾಗಿ ಕ್ರಾಸ್‌ಟಾಕ್ ಅಲ್ಲ, ಆದರೆ ನೋಡಲು ಹಾಗೆಯೇ ಇರುತ್ತದೆ. 35 ಮೈಕ್ರಾನ್ ದಪ್ಪದ, 1 ಮಿ.ಮೀ. ಅಗಲ ಮತ್ತು 20 ಮಿ.ಮೀ. ಉದ್ದದ ತಾಮ್ರದ ಟ್ರ್ಯಾಕ್‌ನ ರೋಧ ಸುಮಾರು 10 ಮಿಲಿಓಮ್. ಅದರಲ್ಲಿ 100 ಮಿಲಿಆಂಪಿಯರ್ ಹರಿದರೆ 1 ಮಿಲಿವೋಲ್ಟ್, ಅಂದರೆ ತೂಕದ 1,000 ಭಾಗ! ಡಿಸ್‌ಪ್ಲೇಯ ಗ್ರೌಂಡನ್ನು ದಪ್ಪ ತಂತಿಯಲ್ಲಿ ಪ್ರತ್ಯೇಕವಾಗಿ ಬ್ಯಾಟರಿಯವರೆಗೆ ಒಯ್ದು ನೋಡಿದರೆ ಇದು ಖಚಿತವಾಗುತ್ತದೆ.

ಮೊನೆಗಳನ್ನು ಕಣ್ಣಾರೆ ಕಾಣಲು ಆಸಿಲೋಸ್ಕೋಪ್ ಬೇಕು. ಮೊದಲ ಚಾನೆಲ್ಲನ್ನು ಕಾಡುವ ಟ್ರ್ಯಾಕ್‌ಗೆ ಇಟ್ಟು ಅದರಿಂದಲೇ ಟ್ರಿಗರ್ ಮಾಡಿ, ಎರಡನೆಯದನ್ನು ತೊಂದರೆಗೀಡಾದ ಟ್ರ್ಯಾಕ್‌ಗೆ ಇಟ್ಟು, ಸರಾಸರಿ ವಿಧಾನ ಬಳಸಿದರೆ ಸಂಬಂಧವಿಲ್ಲದ ಗದ್ದಲ ಕರಗಿ, ಸಂಬಂಧವಿರುವುದು ಉಳಿಯುತ್ತದೆ. ಪ್ರೋಬ್‌ನ 15 ಸೆಂ.ಮೀ. ಉದ್ದದ ಗ್ರೌಂಡ್ ತಂತಿ ಸುಮಾರು 130 ಮೆಗಾಹರ್ಟ್ಸ್‌ನಲ್ಲಿ ತಾನೇ ಕಂಪಿಸಿ ಇಲ್ಲದ ಅಲೆಗಳನ್ನು ತೋರಿಸಬಲ್ಲದು. ಪ್ರೋಬ್‌ನ ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್ಪಿಗೆ ಮುಟ್ಟಿಸಿ ಬೋರ್ಡಿನ ಬಳಿ ಹಿಡಿದಾಗ ಏನು ಕಾಣುತ್ತದೆಯೋ ಅದು ಬೋರ್ಡಿನ ಸಂಕೇತವಲ್ಲ. ಗ್ರೌಂಡ್ ಸಂಪರ್ಕ ಒಂದೆರಡು ಸೆಂಟಿಮೀಟರ್ ಮೀರದಿರುವುದು ಲೇಸು.

ಪರಿಹಾರ ಮತ್ತು ವೆಚ್ಚ

ಈಗಾಗಲೇ ತಯಾರಾದ ಬೋರ್ಡುಗಳಿಗೆ ಅಗ್ಗದ ಉಪಾಯಗಳಿವೆ. ಕಾಡುವ ದತ್ತಾಂಶ ಟ್ರ್ಯಾಕ್‌ನ ಆರಂಭದಲ್ಲಿ 100 ಓಮ್ ಆಸುಪಾಸಿನ ರೆಸಿಸ್ಟರ್ ಹಾಕಿ ಏರಿಕೆಯನ್ನು ನಿಧಾನಗೊಳಿಸಬಹುದು. ಲೋಡ್‌ಸೆಲ್‌ನ ಎರಡೂ ತಂತಿಗಳಿಗೆ ತಲಾ 100 ಓಮ್ ರೆಸಿಸ್ಟರ್ ಸೇರಿಸಿ, ಎ.ಡಿ.ಸಿ.ಯ ಕಾಲುಗಳ ಬಳಿಯೇ ಅವೆರಡರ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬಹುದು. ಈ ಬಿಡಿಭಾಗಗಳ ಬೆಲೆ ಕೆಲವೇ ರೂಪಾಯಿ.

ಹೊಸ ವಿನ್ಯಾಸದಲ್ಲಿ ಅಂತರವೇ ಮುಖ್ಯ. ಹೊವಾರ್ಡ್ ಜಾನ್ಸನ್ ಮತ್ತು ಮಾರ್ಟಿನ್ ಗ್ರಹಾಂ 1993ರ ತಮ್ಮ ಗ್ರಂಥದಲ್ಲಿ ಕೊಟ್ಟಿರುವ ಅಂದಾಜಿನಂತೆ, ಟ್ರ್ಯಾಕ್‌ಗಳ ನಡುವಿನ ದೂರವನ್ನು ಗ್ರೌಂಡ್ ಪದರದಿಂದ ಅವುಗಳಿಗಿರುವ ಎತ್ತರದಿಂದ ಭಾಗಿಸಿ, ಬಂದದ್ದರ ವರ್ಗಕ್ಕೆ 1 ಕೂಡಿಸಿ, 1ನ್ನು ಆ ಮೊತ್ತದಿಂದ ಭಾಗಿಸಿದರೆ ಕ್ರಾಸ್‌ಟಾಕ್‌ನ ಸಾಪೇಕ್ಷ ಪ್ರಮಾಣ ಸಿಗುತ್ತದೆ. ಎತ್ತರ 1.5 ಮಿ.ಮೀ. ಇರುವ ಎರಡು ಪದರದ ಬೋರ್ಡಿನಲ್ಲಿ 0.6 ಮಿ.ಮೀ. ದೂರಕ್ಕೆ ಇದು 0.86. ಎತ್ತರ 0.2 ಮಿ.ಮೀ. ಇರುವ ನಾಲ್ಕು ಪದರದ ಬೋರ್ಡಿನಲ್ಲಿ ಅದೇ ದೂರಕ್ಕೆ 0.1. ಆದರೆ ಎರಡು ಪದರದ ಬೋರ್ಡಿನಲ್ಲೇ ದೂರವನ್ನು 6 ಮಿ.ಮೀ.ಗೆ ಹೆಚ್ಚಿಸಿದರೆ 0.06ಕ್ಕೆ ಇಳಿಯುತ್ತದೆ. ಅಂದರೆ ತೂಕದ ಯಂತ್ರದಂತಹ ಉಪಕರಣಕ್ಕೆ ದುಬಾರಿ ಬೋರ್ಡು ಅನಿವಾರ್ಯವಲ್ಲ. ಲೋಡ್‌ಸೆಲ್ ಭಾಗವನ್ನು ಒಂದು ಮೂಲೆಗೆ ಸರಿಸಿ, ಅದರ ಕೆಳಗಿನ ಗ್ರೌಂಡ್ ತಾಮ್ರವನ್ನು ಎಲ್ಲೂ ಕತ್ತರಿಸದೆ ಅಖಂಡವಾಗಿ ಬಿಟ್ಟರೆ ಸಾಕಾಗುವ ಸಂದರ್ಭಗಳೇ ಹೆಚ್ಚು.

ನೆರವು ಎಲ್ಲಿ?

ಈ ವಿದ್ಯೆ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡ್ ಸಹಕಾರದೊಂದಿಗೆ ಎಲೆಕ್ಟ್ರಾನಿಕ್ ವಿನ್ಯಾಸ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅದು ಇಂದು ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗವಾಗಿದೆ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸಂಸ್ಥೆ 1999ರಿಂದ ಪಿ.ಸಿ.ಬಿ. ತಯಾರಿಸುತ್ತಿದೆ. ಉಪಕರಣಗಳ ಪರೀಕ್ಷೆ ಮತ್ತು ಕ್ಯಾಲಿಬ್ರೇಷನ್‌ಗೆ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಇ.ಟಿ.ಡಿ.ಸಿ. ಇದೆ.

ಆದರೆ ಮಲೆನಾಡಿನ ಅಂಚಿನ ತಾಲ್ಲೂಕುಗಳಿಂದ ಬೆಂಗಳೂರು 300 ಕಿ.ಮೀ.ಗೂ ಹೆಚ್ಚು ದೂರ. ಪ್ರತಿ ದೂರಿಗೂ ಅಲ್ಲಿಗೆ ಓಡುವುದು ಕಾರ್ಯಸಾಧ್ಯವಲ್ಲ. ಮೇಲಿನ ನಾಲ್ಕು ಹೆಜ್ಜೆಗಳಿಗೆ ಬೇಕಾಗುವುದು ನಾಲ್ಕು ರೆಸಿಸ್ಟರ್, ಒಂದು ಬ್ಯಾಟರಿ, ಒಂದು ಕಂಪ್ಯೂಟರ್ ಮತ್ತು ಒಂದು ದಿನದ ತಾಳ್ಮೆ. ಬೋರ್ಡನ್ನು ಹೊರಗಿನಿಂದ ಕೊಳ್ಳುವ ಉದ್ದಿಮೆದಾರರು ಖರೀದಿ ಆದೇಶದಲ್ಲಿಯೇ ಮೂರು ಷರತ್ತುಗಳನ್ನು ಸೇರಿಸುವುದು ಸೂಕ್ತ: ಲೋಡ್‌ಸೆಲ್ ಟ್ರ್ಯಾಕ್‌ನಿಂದ ಡಿಜಿಟಲ್ ಟ್ರ್ಯಾಕ್‌ಗಳಿಗಿರಬೇಕಾದ ಕನಿಷ್ಠ ದೂರ, ಅಖಂಡ ಗ್ರೌಂಡ್, ಹಾಗೂ ಡಿಸ್‌ಪ್ಲೇ ಓಡುತ್ತಿರುವಾಗ ರೆಸಿಸ್ಟರ್ ಬ್ರಿಡ್ಜ್‌ನೊಂದಿಗೆ ತೆಗೆದ 1,000 ಅಂಕಿಗಳ ವರದಿ. ಈ ವರದಿ ಕೈಯಲ್ಲಿದ್ದರೆ ಸುಗ್ಗಿಯ ನಡುವೆ ದೂರು ಬಂದಾಗ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಯಾರಕರಿಗೆ ಮೊದಲೇ ತಿಳಿದಿರುತ್ತದೆ.